ಹತ್ತು ಹೆಜ್ಜೆಗಳ ಲೆಕ್ಕ

ಎತ್ತರ ಜಿಗಿತದ ಕೂಟದ ದಿನ ಮೈದಾನದೊಳಕ್ಕೆ ಬಿಟ್ಟ ಕೂಡಲೇ ನಾನು ಮಾಡುವ ಮೊದಲ ಕೆಲಸ ಅಳತೆಯ ಟೇಪು ಬಿಚ್ಚುವುದು. ಬಲಗಡೆಯ ಕಂಬದ ಬುಡದಿಂದ, ಹಾರಿ ದಾಟಬೇಕಾದ ಬಾರಿನ ನೇರಕ್ಕೇ ಹೊರಗೆ 4 ಮೀಟರ್ ಅಳೆಯುತ್ತೇನೆ. ಅಲ್ಲಿಂದ ಬಾರಿಗೆ ಲಂಬವಾಗಿ ಹಿಂದಕ್ಕೆ 9 ಮೀಟರ್ ಅಳೆದು ಒಂದು ಗುರುತು ಅಂಟಿಸುತ್ತೇನೆ. ಅದೇ ನೇರದಲ್ಲಿ ಇನ್ನೂ 8 ಮೀಟರ್ ಹಿಂದೆ ಸರಿದು ಎರಡನೆಯದನ್ನು ಅಂಟಿಸುತ್ತೇನೆ. ನಿಯಮದಂತೆ ಒಬ್ಬರಿಗೆ ಹೆಚ್ಚೆಂದರೆ ಎರಡು ಗುರುತುಗಳು, ಅವೂ ಕಿತ್ತು ತೆಗೆಯಲು ಬರುವಂಥವು. ಸೀಮೆಸುಣ್ಣದಲ್ಲಿ ಗೆರೆ ಎಳೆಯುವಂತಿಲ್ಲ. ಹಿಂದಿನ ಗುರುತಿನಿಂದ ಹೊರಟು ಐದು ಹೆಜ್ಜೆ ನೇರವಾಗಿ, ಐದು ಹೆಜ್ಜೆ ತಿರುವಿನಲ್ಲಿ ಓಡಿ, ಹತ್ತನೆಯ ಹೆಜ್ಜೆಯಲ್ಲಿ ಎಡಗಾಲೂರಿ ನೆಲ ಬಿಡುತ್ತೇನೆ.

ಈ ಮೂರು ಸಂಖ್ಯೆಗಳನ್ನು ಕಂಡುಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಈಗ ನನಗೆ 24 ವರ್ಷ. ಎತ್ತರ ಜಿಗಿತದಲ್ಲಿ ನನ್ನ ಅತ್ಯುತ್ತಮ ಸಾಧನೆ 1.81 ಮೀಟರ್. ಕ್ರೀಡಾ ವಸತಿ ನಿಲಯಗಳಲ್ಲಿರುವ ಹುಡುಗಿಯರು ಆಗಾಗ ಫೋನು ಮಾಡಿ, "ಅಕ್ಕ, ನೀವು ಎಷ್ಟು ಕೆ.ಜಿ. ಸ್ಕ್ವಾಟ್ ಮಾಡ್ತೀರಿ?" ಎಂದು ಕೇಳುತ್ತಾರೆ. ರನಪ್, ಅಂದರೆ ಜಿಗಿತಕ್ಕೆ ಮುನ್ನಿನ ಓಟ, ಎಷ್ಟು ಮೀಟರ್ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅವರ ವಯಸ್ಸಿನಲ್ಲಿ ನಾನೂ ಕೇಳಿರಲಿಲ್ಲ. 1.68 ಮೀಟರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿದ್ದ ನಾನು ಅಲ್ಲಿಂದ ಮೇಲೇರಿದ್ದು ಕಾಲಿನ ಬಲ ಹೆಚ್ಚಿದ್ದರಿಂದಲ್ಲ, ಓಟ ಸರಿಹೋದದ್ದರಿಂದ. ಇದನ್ನು ವಿವರವಾಗಿ ಬರೆದಿಡಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು.

ನನ್ನ ಊರು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ತೆಂಗಿನ ತೋಟವಿದೆ, ಅಪ್ಪ ಕೊಬ್ಬರಿ ಮಾಡುತ್ತಾರೆ. ನಮ್ಮ ಶಾಲೆಯಲ್ಲಿ ಎತ್ತರ ಜಿಗಿತಕ್ಕೆಂದು ಇದ್ದದ್ದು ಎರಡು ಕಬ್ಬಿಣದ ಕಂಬ, ಒಂದು ಬಿದಿರಿನ ಗಳ ಮತ್ತು ಮರಳಿನ ಗುಂಡಿ. ಮರಳಿನ ಗುಂಡಿಯಲ್ಲಿ ಬೆನ್ನಿನ ಮೇಲೆ ಬೀಳುವುದು ಅಪಾಯವಾದ್ದರಿಂದ ನಾವೆಲ್ಲ ಕತ್ತರಿ ಕಾಲಿನಲ್ಲಿ, ಅಂದರೆ ಒಂದು ಕಾಲಿನ ಹಿಂದೆ ಇನ್ನೊಂದನ್ನು ಬೀಸಿ ದಾಟಿ, ಕಾಲ ಮೇಲೆಯೇ ಇಳಿಯುತ್ತಿದ್ದೆವು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಬಾರಿಗೆ ಬೆನ್ನು ಮಾಡಿ 2.24 ಮೀಟರ್ ದಾಟಿ ಚಿನ್ನ ಗೆದ್ದ ಬಳಿಕ ಜಗತ್ತೆಲ್ಲ ಆ ಶೈಲಿಗೆ ಹೊರಳಿತು. ಆದರೆ ಆ ಶೈಲಿ ಸಾಧ್ಯವಾದದ್ದೇ ಮರಳಿನ ಜಾಗಕ್ಕೆ ಮೆತ್ತನೆಯ ಫೋಮ್ ಹಾಸು ಬಂದದ್ದರಿಂದ. ಹಾಸು ಇಲ್ಲದ ಶಾಲೆಯ ಮಟ್ಟಿಗೆ 1968 ಇನ್ನೂ ಬಂದಿರುವುದಿಲ್ಲ.

ನಮ್ಮ ದೈಹಿಕ ಶಿಕ್ಷಕರು ಅದಕ್ಕೊಂದು ದಾರಿ ಹುಡುಕಿದರು. ನಮ್ಮ ಸೀಮೆಯಲ್ಲಿ ತೆಂಗಿನ ನಾರಿಗೆ ಬರವಿಲ್ಲ. ಗೋಣಿಚೀಲಗಳಿಗೆ ನಾರು ತುಂಬಿಸಿ, ಬಾಯಿ ಹೊಲಿಸಿ, ಎರಡು ಸಾಲಾಗಿ ಜೋಡಿಸಿ, ಮೇಲೆ ತಾಡಪಾಲು ಬಿಗಿದು ಒಂದು ಹಾಸಿಗೆ ಮಾಡಿದರು. ಅದರ ಮೇಲೆ ಬೆನ್ನು ಕೊಟ್ಟು ಬಿದ್ದ ಮೊದಲ ದಿನ ನನಗೆ ಉಸಿರು ಕಟ್ಟಿತು, ಆದರೆ ನೋವಾಗಲಿಲ್ಲ. ಆ ವರ್ಷ 2012. ಕರ್ನಾಟಕದ ಸಹನಾ ಕುಮಾರಿ ಹೈದರಾಬಾದಿನಲ್ಲಿ 1.92 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಅದೇ ಲಂಡನ್ನಿನ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮದೇ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 1.74 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಮೇಷ್ಟ್ರು ಶಾಲೆಯ ಗೋಡೆಯ ಮೇಲೆ 1.74 ಮತ್ತು 1.92ರ ಎತ್ತರಕ್ಕೆ ಸುಣ್ಣದಲ್ಲಿ ಎರಡು ಗೆರೆ ಎಳೆದು, "ನೋಡಮ್ಮ, ಇವೆರಡೂ ನಮ್ಮ ರಾಜ್ಯದವರೇ ದಾಟಿದ ಎತ್ತರ" ಎಂದಿದ್ದರು. ನಾನು ಕೈ ಎತ್ತಿದರೂ ಮೇಲಿನ ಗೆರೆ ಸಿಗುತ್ತಿರಲಿಲ್ಲ.

ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಶಾಲಾ ಕ್ರೀಡಾಕೂಟಗಳ ಮೆಟ್ಟಿಲು ಹತ್ತಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಕತ್ತರಿ ಶೈಲಿಯಲ್ಲೇ 1.35 ಜಿಗಿದು ನಾನು ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾದೆ. ಅಲ್ಲಿ ಮೊದಲ ಬಾರಿಗೆ ನಿಜವಾದ ಫೋಮ್ ಹಾಸು ಸಿಕ್ಕಿತು. ಮುಂದಿನ ಎರಡು ವರ್ಷಗಳಲ್ಲಿ 1.63ಕ್ಕೂ, ಹದಿನೆಂಟು ತುಂಬುವ ಹೊತ್ತಿಗೆ 1.68ಕ್ಕೂ ಏರಿದೆ. ಬೆಳೆಯುವ ವಯಸ್ಸಿನಲ್ಲಿ ಎತ್ತರ ತಾನಾಗಿ ಬರುತ್ತದೆ. ಕಾಲು ಉದ್ದವಾಗುತ್ತದೆ, ಬಲ ಕೂಡುತ್ತದೆ, ತಪ್ಪು ಓಟವನ್ನೂ ಮೈ ಹೇಗೋ ತೂಗಿಸಿಕೊಂಡು ಹೋಗುತ್ತದೆ. ಆಮೇಲೆ ಒಂದು ದಿನ ಬೆಳವಣಿಗೆ ನಿಲ್ಲುತ್ತದೆ, ತಪ್ಪು ಮಾತ್ರ ಉಳಿಯುತ್ತದೆ.

ನನ್ನ ತಪ್ಪು ಏನೆಂಬುದನ್ನು ತೋರಿಸಿಕೊಟ್ಟವರು ಬೆಂಗಳೂರಿಗೆ ಬಂದ ಮೇಲೆ ಸಿಕ್ಕಿದ ಕೋಚ್. ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಅವರ ಗುಂಪಿಗೆ ಸೇರಿದ ಮೊದಲ ವಾರ ಅವರು ಬಾರ್ ಇಡಲೇ ಇಲ್ಲ. ನನ್ನ ಓಟವನ್ನು ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲಿ ಹಿಡಿದು, ಪ್ರತಿ ಹೆಜ್ಜೆ ಬಿದ್ದಲ್ಲಿ ಒಂದೊಂದು ಬಾಟಲಿ ಮುಚ್ಚಳ ಇಟ್ಟರು. ಹತ್ತು ಓಟಗಳ ನಂತರ ನೋಡಿದರೆ ಮುಚ್ಚಳಗಳು ಎಲ್ಲೆಂದರಲ್ಲಿ ಇದ್ದವು. ಕೊನೆಯ ಹೆಜ್ಜೆಯೊಂದೇ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಲವತ್ತು ಸೆಂಟಿಮೀಟರ್ ಆಚೀಚೆ ಬಿದ್ದಿತ್ತು. "ನೀನು ಜಿಗಿಯೋದ್ರಲ್ಲಿ ತಪ್ಪಿಲ್ಲಮ್ಮ. ಎಲ್ಲಿಂದ ಜಿಗಿತೀನಿ ಅನ್ನೋದೇ ನಿನಗೆ ಗೊತ್ತಿಲ್ಲ" ಎಂದರು. ಅಲ್ಲಿಯವರೆಗೆ ನಾನು ರನಪ್ಪನ್ನು ಪಾದದಿಂದ ಅಳೆಯುತ್ತಿದ್ದೆ, ಅದೂ ಸುಮಾರಾಗಿ. ತಿರುವು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಆಯಾ ದಿನದ ಮನಸ್ಸಿಗೆ ಬಿಟ್ಟಿದ್ದೆ.

ತಿರುವು ಏಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಆಟದ ಜೀವ ಇರುವುದು ಅಲ್ಲಿಯೇ. ನಾನು ಎಡಗಾಲಿನಲ್ಲಿ ನೆಲ ಬಿಡುವವಳಾದ್ದರಿಂದ ಬಲಗಡೆಯಿಂದ ಓಡಿಬಂದು ಎಡಕ್ಕೆ ತಿರುಗುತ್ತೇನೆ. ತಿರುವಿನಲ್ಲಿ ವೇಗವಾಗಿ ಓಡುವಾಗ ಮೈ ಒಳಕ್ಕೆ, ಅಂದರೆ ಬಾರಿನಿಂದ ದೂರಕ್ಕೆ, ವಾಲಲೇಬೇಕು. ಸೈಕಲ್ ತಿರುಗಿಸುವವನು ವಾಲುವ ಹಾಗೆ. ಆ ವಾಲುವಿಕೆಯಿಂದ ಎರಡು ಲಾಭಗಳಿವೆ. ಮೈ ಒಂದಷ್ಟು ತಗ್ಗುವುದರಿಂದ ಮೇಲಕ್ಕೆ ತಳ್ಳಲು ಹೆಚ್ಚು ದೂರ ಸಿಗುತ್ತದೆ. ಎರಡನೆಯದಾಗಿ, ಕೊನೆಯ ಹೆಜ್ಜೆಯೂರಿದಾಗ ವಾಲಿದ್ದ ಮೈ ನೆಟ್ಟಗಾಗುತ್ತಾ ಬಾರಿನ ಕಡೆಗೆ ಉರುಳಲು ತೊಡಗುತ್ತದೆ, ಆ ಉರುಳೇ ಬೆನ್ನನ್ನು ಬಾರಿನ ಮೇಲೆ ಹಾಯಿಸುತ್ತದೆ. ಬಾರಿನ ಮೇಲೆ ಬಾಗಬೇಕೆಂದು ಯಾರೂ ಪ್ರಯತ್ನಪಟ್ಟು ಎಸೆದುಕೊಳ್ಳಬೇಕಾಗಿಲ್ಲ. ಎಸೆದುಕೊಳ್ಳುವವರು ಟೇಕಾಫ್‌ಗೂ, ಅಂದರೆ ನೆಲ ಬಿಡುವುದಕ್ಕೂ, ಮುನ್ನವೇ ಬಾರಿನ ಕಡೆಗೆ ಭುಜ ಇಳಿಸುತ್ತಾರೆ, ಮೇಲಕ್ಕೆ ಹೋಗಬೇಕಾದ ಬಲ ಅಡ್ಡಕ್ಕೆ ಹೋಗುತ್ತದೆ, ಬಾರನ್ನು ಸೊಂಟದಿಂದ ಕೆಡವುತ್ತಾರೆ. ನಾನು ಎರಡು ವರ್ಷ ಕೆಡವುತ್ತಿದ್ದದ್ದು ಹೀಗೆಯೇ.

ನೆಲ ಬಿಟ್ಟ ಮೇಲೆ ದೇಹದ ಗುರುತ್ವ ಕೇಂದ್ರ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದು ನಿಶ್ಚಯವಾಗಿಬಿಟ್ಟಿರುತ್ತದೆ. ಗಾಳಿಯಲ್ಲಿ ಏನು ಮಾಡಿದರೂ ಅದಕ್ಕೆ ಒಂದು ಸೆಂಟಿಮೀಟರನ್ನೂ ಕೂಡಿಸಲಾಗದು. ಬೆನ್ನು ಬಾಗಿಸುವುದು, ಸೊಂಟ ಎತ್ತುವುದು, ಕೊನೆಗೆ ಕಾಲು ಸೆಳೆದುಕೊಳ್ಳುವುದು ಇವೆಲ್ಲ ಸಿಕ್ಕಿದ ಎತ್ತರವನ್ನು ಪೋಲಾಗದಂತೆ ಬಳಸುವ ಉಪಾಯಗಳಷ್ಟೇ. ಇದನ್ನು ಅರ್ಥಮಾಡಿಕೊಂಡ ದಿನದಿಂದ ನನ್ನ ಅಭ್ಯಾಸದ ಗಮನ ಬಾರಿನ ಮೇಲಿನಿಂದ ನೆಲಕ್ಕೆ ಇಳಿಯಿತು.

ನನ್ನ ರನಪ್ ಕಟ್ಟಿದ ಕ್ರಮ ಹೀಗಿತ್ತು. ಮೊದಲು ನೆಲದ ಮೇಲೆ ಹಗ್ಗ ಮತ್ತು ಗೂಟದಿಂದ ಬೇರೆ ಬೇರೆ ತ್ರಿಜ್ಯದ ವೃತ್ತಗಳನ್ನು ಎಳೆದು ಅವುಗಳ ಮೇಲೆ ಓಡಿಸಿದರು. ಏಳು ಮೀಟರ್ ತ್ರಿಜ್ಯದ ವೃತ್ತದಲ್ಲಿ ನನ್ನ ವೇಗ ಕುಗ್ಗುತ್ತಿತ್ತು, ಪಾದ ಹೊರಕ್ಕೆ ಜಾರುತ್ತಿತ್ತು. ಹನ್ನೊಂದು ಮೀಟರಿನಲ್ಲಿ ವೇಗವಿತ್ತು, ಆದರೆ ಮೈ ವಾಲುತ್ತಿರಲಿಲ್ಲ. ಒಂಬತ್ತರ ಆಸುಪಾಸಿನಲ್ಲಿ ಎರಡೂ ಸಿಕ್ಕಿದವು. ಹೊರಗೆ 4, ಹಿಂದೆ 9 ಎಂಬ ನನ್ನ ಅಳತೆಗೆ ತಿರುವಿನ ತ್ರಿಜ್ಯ ಹೆಚ್ಚುಕಡಿಮೆ 9.2 ಮೀಟರ್ ಆಗುತ್ತದೆ. ಐದು ಹೆಜ್ಜೆಗಳಲ್ಲಿ ಸುಮಾರು ಹತ್ತು ಮೀಟರ್ ಓಡಿ, ಬಾರಿನಿಂದ ಎಂಬತ್ತು ಸೆಂಟಿಮೀಟರ್ ದೂರದಲ್ಲಿ, ಹತ್ತಿರದ ಕಂಬದಿಂದ ಒಂದು ಮೀಟರಿನಷ್ಟು ಒಳಗೆ ನನ್ನ ಎಡಗಾಲು ಊರುತ್ತದೆ. ಈ ಅಂಕೆಗಳನ್ನು ಯಾರೂ ಹಾಗೆಯೇ ಎತ್ತಿಕೊಳ್ಳಬಾರದು. ಕಾಲಿನ ಉದ್ದ, ವೇಗ, ಪಾದದ ಬಲ ಬೇರೆಯಾದರೆ ಅಂಕೆಯೂ ಬೇರೆಯಾಗುತ್ತದೆ. ಎತ್ತಿಕೊಳ್ಳಬೇಕಾದದ್ದು ಹಗ್ಗ ಮತ್ತು ಗೂಟವನ್ನು.

ನಂತರ ಬಂದದ್ದು ಕತ್ತರಿ ಜಿಗಿತ. ಬಾಲ್ಯದಲ್ಲಿ ಮರಳಿನ ಗುಂಡಿಯಲ್ಲಿ ಕಲಿತದ್ದನ್ನು ಬಿಟ್ಟು ಮುಂದೆ ಬಂದಿದ್ದೇನೆ ಎಂದುಕೊಂಡಿದ್ದ ನನ್ನನ್ನು ಕೋಚ್ ಮತ್ತೆ ಅಲ್ಲಿಗೇ ಕರೆದೊಯ್ದರು. ಪೂರ್ತಿ ರನಪ್‌ನಿಂದ ಓಡಿಬಂದು, ಬೆನ್ನು ಹಾಕದೆ, ಕತ್ತರಿ ಕಾಲಿನಲ್ಲಿ 1.40, 1.45, 1.50 ದಾಟಿ ಹಾಸಿನ ಮೇಲೆ ನಿಂತುಕೊಂಡೇ ಇಳಿಯಬೇಕು. ಟೇಕಾಫ್‌ನಲ್ಲಿ ಮೈ ನೆಟ್ಟಗಿದ್ದರೆ ಮಾತ್ರ ಹಾಗೆ ಇಳಿಯಲು ಸಾಧ್ಯ. ಬಾರಿನ ಕಡೆಗೆ ಮೊದಲೇ ವಾಲಿದವರು ಮಗುಚಿ ಬೀಳುತ್ತಾರೆ. ಮೊದಲ ತಿಂಗಳು ಪ್ರತಿ ಜಿಗಿತದಲ್ಲೂ ಮಗುಚಿ ಬಿದ್ದೆ. ಕತ್ತರಿಯಲ್ಲಿ 1.50 ನಿಂತುಕೊಂಡು ದಾಟಿದ ಸಂಜೆ ಕೋಚ್ ಬಾರನ್ನು 1.65ಕ್ಕೆ ಏರಿಸಿ ಬೆನ್ನು ಹಾಕಿ ಹಾರಲು ಹೇಳಿದರು. ಬಾರಿಗೂ ನನಗೂ ನಡುವೆ ಅಷ್ಟೊಂದು ಜಾಗ ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಇಂದಿಗೂ ಕೂಟದ ಮುನ್ನಿನ ವಾರ್ಮಪ್‌ನಲ್ಲಿ ನನ್ನ ಮೊದಲ ಮೂರು ಜಿಗಿತಗಳು ಕತ್ತರಿಯವೇ.

ಇನ್ನುಳಿದದ್ದು ಕೊನೆಯ ಎರಡು ಹೆಜ್ಜೆ. ಒಂಬತ್ತನೆಯ ಹೆಜ್ಜೆಯಲ್ಲಿ, ಬಲಗಾಲಿನ ಮೇಲೆ, ಸೊಂಟ ತುಸು ತಗ್ಗಬೇಕು, ಆದರೆ ವೇಗ ತಗ್ಗಬಾರದು. ಹತ್ತನೆಯದು ಒಂಬತ್ತರ ಬೆನ್ನಿಗೇ ಬೇಗ ಬೀಳಬೇಕು. ಎಡಗಾಲು ಮೈಗಿಂತ ಮುಂದೆ, ಮಂಡಿ ಹೆಚ್ಚು ಬಾಗದಂತೆ, ಇಡೀ ಅಂಗಾಲು ಒಮ್ಮೆಗೇ ಊರಬೇಕು. ಮುಂದಕ್ಕೆ ಹೋಗುತ್ತಿದ್ದ ಓಟವನ್ನು ಆ ಕಾಲು ಮೇಲಕ್ಕೆ ತಿರುಗಿಸುತ್ತದೆ. ಪಾದ ನೆಲದ ಮೇಲೆ ಇರುವ ಕಾಲ ಒಂದು ಸೆಕೆಂಡಿನ ಐದನೆಯ ಒಂದು ಭಾಗಕ್ಕೂ ಕಡಿಮೆ. ಸೆಕೆಂಡಿಗೆ 240 ಚಿತ್ರಗಳ ವಿಡಿಯೊದಲ್ಲಿ ಎಣಿಸಿದಾಗ ಮೊದಲು ನನ್ನ ಪಾದ 48 ಚಿತ್ರಗಳಷ್ಟು ಕಾಲ ನೆಲದಲ್ಲಿರುತ್ತಿತ್ತು, ಅಂದರೆ 0.20 ಸೆಕೆಂಡ್. 1.81 ಜಿಗಿದ ದಿನದ ವಿಡಿಯೊದಲ್ಲಿ ಅದು 41. ಪಾದ ಊರುವ ದಿಕ್ಕೂ ಮುಖ್ಯ. ಬಾರಿಗೆ ಸಮಾಂತರವಾಗಿ ಊರಿದರೆ ಓಟದ ಭಾರವೆಲ್ಲ ಕಣಕಾಲಿನ ಒಳಮಗ್ಗುಲಿಗೆ ಬೀಳುತ್ತದೆ. ಓಟದ ದಿಕ್ಕಿಗೇ, ಹಾಸಿನ ದೂರದ ಮೂಲೆಯ ಕಡೆಗೆ ಹೆಬ್ಬೆರಳು ಮುಖ ಮಾಡಿರಬೇಕು.

ಇಷ್ಟು ಓದಿದವರಿಗೆ ಎಲ್ಲವೂ ಒಂದರ ನಂತರ ಒಂದು ಸರಾಗವಾಗಿ ಸರಿಹೋಯಿತು ಎನ್ನಿಸಬಹುದು. ಹಾಗಾಗಲಿಲ್ಲ. ರನಪ್ ಹದಕ್ಕೆ ಬರುತ್ತಿದ್ದ ಹೊತ್ತಿಗೇ ನಾನು ಬೇರೊಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಹುಡುಗಿಯರಿಗಾಗಿ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ನಾನು ನಂಬುತ್ತಿದ್ದ ಹಿರಿಯರೊಬ್ಬರು ಒಂದು ಕೂಟದಲ್ಲಿ, "ಐದು ಕೆ.ಜಿ. ಇಳಿಸು, ಎತ್ತರ ತಾನಾಗಿ ಬರುತ್ತೆ" ಎಂದರು. ರಾತ್ರಿಯೂಟ ಬಿಟ್ಟೆ. ಬೆಳಗಿನ ಅಭ್ಯಾಸಕ್ಕೆ ಬರಿಹೊಟ್ಟೆಯಲ್ಲಿ ಹೋದೆ. ಊರಿಗೆ ಹೋದಾಗ ಅಮ್ಮ ಮುದ್ದೆ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಇಡುತ್ತಿದ್ದೆ. ಮೂರು ತಿಂಗಳಲ್ಲಿ ಆರು ಕೆ.ಜಿ. ಇಳಿಯಿತು, ಮತ್ತು 1.73 ದಾಟಿದೆ. ಆ ಐದು ಸೆಂಟಿಮೀಟರ್ ಹಸಿವಿನಿಂದ ಬಂತೆಂದು ನಾನು ನಂಬಿದ್ದೇ ಎಲ್ಲಕ್ಕಿಂತ ದೊಡ್ಡ ಅನಾಹುತ. ಅದು ಬಂದದ್ದು ಅದಕ್ಕೂ ಹಿಂದಿನ ಒಂದು ವರ್ಷದ ಓಟದ ಕೆಲಸದಿಂದ. ಎರಡು ತಿಂಗಳ ನಂತರ ಮುಟ್ಟು ನಿಂತಿತು. ತಾಲೀಮು ಜೋರಾಗಿದ್ದರೆ ಹಾಗಾಗುತ್ತದೆ, ಒಳ್ಳೆಯದೇ ಆಯಿತು ಎಂದು ಜೊತೆಯವರು ಹೇಳಿದರು, ನಾನೂ ಹಾಗೆಯೇ ಅಂದುಕೊಂಡೆ. ಅದೇ ಹೊತ್ತಿಗೆ ಎಡಮಂಡಿಯ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋಯತೊಡಗಿತು. ಮೊದಲು ಬೆಳಗ್ಗೆ ಎದ್ದಾಗ ಮಾತ್ರ, ಆಮೇಲೆ ಮೆಟ್ಟಿಲು ಇಳಿಯುವಾಗ, ಕೊನೆಗೆ ಕುರ್ಚಿಯಿಂದ ಏಳುವಾಗಲೂ ನೋವು. ಒಂದು ಕ್ಲಿನಿಕ್ಕಿನಲ್ಲಿ ಆರು ವಾರ ಪೂರ್ತಿ ಮಲಗಿರಲು ಹೇಳಿದರು. ಮಲಗಿದೆ, ಎದ್ದು ಜಿಗಿದ ಮೊದಲ ದಿನವೇ ನೋವು ಮರಳಿತು. ಆ ಋತುವಿನ ಕೊನೆಯ ಕೂಟದಲ್ಲಿ 1.62ಕ್ಕೆ ನನ್ನ ಆಟ ಮುಗಿಯಿತು.

ದಾರಿ ಸಿಕ್ಕಿದ್ದು ಕ್ರೀಡಾಪಟುಗಳನ್ನೇ ನೋಡುವ ಒಬ್ಬ ವೈದ್ಯೆಯ ಬಳಿ. ಅವರು ಮಂಡಿಯನ್ನು ಮುಟ್ಟುವ ಮೊದಲು ಕೇಳಿದ ಪ್ರಶ್ನೆ ಮುಟ್ಟಿನ ಬಗ್ಗೆ. ಅಭ್ಯಾಸಕ್ಕೆ ಖರ್ಚಾಗುವಷ್ಟು ಆಹಾರ ದೇಹಕ್ಕೆ ಸಿಗದಿದ್ದರೆ ಅದು ಹಾರ್ಮೋನುಗಳನ್ನೂ, ಮೂಳೆಯನ್ನೂ, ಗಾಯ ಮಾಯುವ ಶಕ್ತಿಯನ್ನೂ ಒಂದೊಂದಾಗಿ ಕಡಿತ ಮಾಡುತ್ತದೆ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದಕ್ಕೆ ರೆಡ್-ಎಸ್ ಎಂಬ ಹೆಸರನ್ನೇ ಕೊಟ್ಟಿದ್ದಾರೆ, ಮತ್ತು ಇದು ಹುಡುಗರನ್ನೂ ಬಿಡುವುದಿಲ್ಲ. "ಊಟ ಸರಿಹೋಗದೆ ಮಂಡಿ ಸರಿಹೋಗಲ್ಲಮ್ಮ" ಎಂದು ಅವರು ಹೇಳಿದಾಗ ನಾನು ಅವರೆದುರೇ ಅತ್ತೆ. ರಾಗಿ ಮುದ್ದೆ, ಮೊಟ್ಟೆ, ಹುರುಳಿಕಾಳು, ಮೊಸರು, ರಾತ್ರಿಯೂಟ ಎಲ್ಲವೂ ಮರಳಿ ಬಂದವು. ಮುಟ್ಟು ಮರಳಲು ಐದು ತಿಂಗಳು ಬೇಕಾಯಿತು.

ಮಂಡಿಯ ವಿಷಯದಲ್ಲಿ ನಾನು ಕಲಿತದ್ದು, ಸ್ನಾಯುರಜ್ಜಿಗೆ ಪೂರ್ತಿ ವಿಶ್ರಾಂತಿಗಿಂತ ಅಳೆದು ಕೊಡುವ ಭಾರ ಬೇಕು ಎಂಬುದು. ಮೊದಲ ವಾರಗಳಲ್ಲಿ ಕಾಲನ್ನು ಅಲುಗಿಸದೆ ಭಾರ ಹಿಡಿದಿರುವ ವ್ಯಾಯಾಮ, 45 ಸೆಕೆಂಡುಗಳಂತೆ ಐದು ಸಲ. ನಂತರ ತೀರ ನಿಧಾನವಾಗಿ ಏರಿಳಿಯುವ ಭಾರದ ಸ್ಕ್ವಾಟ್. ಅದು ನೋವಿಲ್ಲದೆ ಆದ ಮೇಲೆ ಸಣ್ಣ ಕುಪ್ಪಳಿಕೆಗಳು. ಕೊನೆಗೆ ನಾಲ್ಕು ಹೆಜ್ಜೆಯ ರನಪ್‌ನಿಂದ ಕತ್ತರಿ. ಮಾರನೆಯ ಬೆಳಗ್ಗೆ ನೋವು ಹೆಚ್ಚಿದ್ದರೆ ಒಂದು ಮೆಟ್ಟಿಲು ಹಿಂದೆ. ಪೂರ್ತಿ ಹತ್ತು ಹೆಜ್ಜೆಗೆ ಮರಳಲು ಏಳು ತಿಂಗಳಾದವು. ಈಗ ವಾರಕ್ಕೆ ಎರಡು ದಿನ ಮಾತ್ರ ಪೂರ್ತಿ ಜಿಗಿತ, ದಿನಕ್ಕೆ ಹದಿನೈದರಿಂದ ಇಪ್ಪತ್ತು ಜಿಗಿತಗಳಿಗಿಂತ ಹೆಚ್ಚಿಲ್ಲ. ವಸತಿ ನಿಲಯದ ದಿನಗಳಲ್ಲಿ ಒಂದೇ ಸಂಜೆ ಐವತ್ತು ಸಲ ಜಿಗಿಯುತ್ತಿದ್ದೆವು; ಹುಡುಗಿಯರ ಮಂಡಿಗಳು ಇಪ್ಪತ್ತರ ವಯಸ್ಸಿಗೇ ಏಕೆ ಸೋಲುತ್ತವೆ ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಾಗಿಲ್ಲ.

ಮರಳಿ ಬಂದ ವರ್ಷ, ಮೊದಲಿಗಿಂತ ನಾಲ್ಕು ಕೆ.ಜಿ. ಹೆಚ್ಚು ತೂಕದಲ್ಲಿ, 1.76 ದಾಟಿದೆ. ಆ ದಿನ ಚಿನ್ನ ಮಾತ್ರ ಕೈ ತಪ್ಪಿತು, ಮತ್ತು ಅದು ತಪ್ಪಿದ ರೀತಿ ನನಗೆ ಸ್ಪರ್ಧೆಯ ಲೆಕ್ಕ ಕಲಿಸಿತು. ನಾವಿಬ್ಬರು 1.76 ಅನ್ನು ಮೊದಲ ಯತ್ನದಲ್ಲೇ ದಾಟಿ, 1.79ರಲ್ಲಿ ಮೂರೂ ಸಲ ಸೋತೆವು. ಸಮ ಬಂದಾಗ ಮೊದಲು ಕೊನೆಯದಾಗಿ ದಾಟಿದ ಎತ್ತರದಲ್ಲಿ ಯಾರು ಕಡಿಮೆ ಸಲ ಕೆಡವಿದ್ದಾರೆ ಎಂದು ನೋಡುತ್ತಾರೆ. ಅದೂ ಸಮವಾದರೆ ಅಲ್ಲಿಯವರೆಗಿನ ಒಟ್ಟು ವೈಫಲ್ಯಗಳನ್ನು ಎಣಿಸುತ್ತಾರೆ. ನಾನು 1.60ರಲ್ಲಿ, ನಿದ್ದೆಗಣ್ಣಿನಲ್ಲೂ ದಾಟಬಲ್ಲ ಎತ್ತರದಲ್ಲಿ, ಒಮ್ಮೆ ಬಾರ್ ಕೆಡವಿದ್ದೆ. ಹಾಳೆಯ ಮೇಲೆ ಬಿದ್ದ ಆ ಒಂದು ವೈಫಲ್ಯದ ಗುರುತು ನನ್ನನ್ನು ಎರಡನೆಯವಳನ್ನಾಗಿಸಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕತಾರಿನ ಮುತಾಜ್ ಬರ್ಶಿಮ್ ಮತ್ತು ಇಟಲಿಯ ಜಿಯಾನ್‌ಮಾರ್ಕೊ ತಂಬೇರಿ 2.37 ದಾಟಿ ಚಿನ್ನ ಹಂಚಿಕೊಂಡ ದೃಶ್ಯವನ್ನು ಎಲ್ಲರೂ ನೋಡಿದ್ದಾರೆ, ಅವರಿಬ್ಬರೂ 2.37ರವರೆಗೆ ಒಂದು ಸಲವೂ ಬಾರ್ ಕೆಡವಿರಲಿಲ್ಲ ಎಂಬುದನ್ನು ಗಮನಿಸಿದವರು ಕಡಿಮೆ. ಆ ಅಪ್ಪುಗೆಯ ಹಿಂದೆ ಅಷ್ಟು ಸ್ವಚ್ಛವಾದ ಹಾಳೆ ಇತ್ತು.

ಅಂದಿನಿಂದ ಕೆಳಗಿನ ಎತ್ತರಗಳಿಗೂ ಪೂರ್ತಿ ರನಪ್, ಪೂರ್ತಿ ಗಮನ. ಎಲ್ಲಿಂದ ಶುರುಮಾಡಬೇಕು, ಎಲ್ಲಿ ಪಾಸ್ ಹೇಳಬೇಕು, ಅಂದರೆ ಯಾವ ಎತ್ತರವನ್ನು ಜಿಗಿಯದೆ ಬಿಡಬೇಕು ಎಂಬುದನ್ನು ಹಿಂದಿನ ರಾತ್ರಿಯೇ ಬರೆದುಕೊಳ್ಳುತ್ತೇನೆ. ನನಗೆ ಆರೇಳು ಜಿಗಿತಗಳಲ್ಲಿ ಮೈ ತನ್ನ ಉತ್ತುಂಗಕ್ಕೆ ಬರುತ್ತದೆ, ಹತ್ತು ದಾಟಿದರೆ ಒಂಬತ್ತನೆಯ ಹೆಜ್ಜೆ ಭಾರವಾಗುತ್ತದೆ. ಆದ್ದರಿಂದ 1.65ರಿಂದ ಶುರುಮಾಡುತ್ತೇನೆ, 1.73 ಆದ ಮೇಲೆ ಒಂದು ಎತ್ತರವನ್ನು ಪಾಸ್ ಹೇಳಿ ಬಿಡುತ್ತೇನೆ. ಹೆಸರು ಕರೆದ ಮೇಲೆ ಸಿಗುವುದು ಒಂದೇ ನಿಮಿಷ; ಮೂವರೇ ಉಳಿದಾಗ ಒಂದೂವರೆ. ನಾನು ಅದರಲ್ಲಿ ಮೊದಲ ಇಪ್ಪತ್ತು ಸೆಕೆಂಡುಗಳನ್ನು ಗುರುತಿನ ಹಿಂದೆ ಕಣ್ಣುಮುಚ್ಚಿ ಹತ್ತು ಹೆಜ್ಜೆಗಳನ್ನು ಎಣಿಸಲು ಬಳಸುತ್ತೇನೆ.

ಬದುಕಿನ ಲೆಕ್ಕವನ್ನೂ ಹೇಳಬೇಕು. ಈ ಆಟದ ಬಹುಮಾನದ ಹಣದಿಂದ ನಮ್ಮ ದೇಶದಲ್ಲಿ ಹೊಟ್ಟೆ ತುಂಬುವುದಿಲ್ಲ. ಹಿಮ್ಮಡಿಯಲ್ಲೂ ಮೊಳೆಗಳಿರುವ ಎತ್ತರ ಜಿಗಿತದ ಸ್ಪೈಕ್ಸ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ನನ್ನ ಮೊದಲ ಜೋಡಿಯನ್ನು ಹಿರಿಯ ಜಿಗಿತಗಾರ್ತಿಯೊಬ್ಬರಿಂದ ಅರ್ಧ ಬೆಲೆಗೆ ಕೊಂಡೆ, ಎರಡನೆಯದಕ್ಕೆ ಅಪ್ಪ ಒಂದು ಲೋಡು ಕೊಬ್ಬರಿಯ ಹಣದಿಂದ ಹತ್ತು ಸಾವಿರಕ್ಕೂ ಹೆಚ್ಚು ಎತ್ತಿಕೊಟ್ಟರು. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕ ಮೇಲೆ ಉಸಿರಾಡುವಂತಾಯಿತು. ಬೆಳಗಿನ ಅಭ್ಯಾಸ, ಮಧ್ಯಾಹ್ನದವರೆಗೆ ಕಚೇರಿ, ಸಂಜೆ ಮತ್ತೆ ಮೈದಾನ. ಉತ್ತರದ ಕೂಟಗಳಿಗೆ ರೈಲಿನಲ್ಲಿ ಹೋಗುವಾಗ ಬೆಂಗಳೂರಿನಿಂದ ದೆಹಲಿಗೆ ಒಂದೂವರೆ ದಿನಕ್ಕೂ ಮೇಲಾಗುತ್ತದೆ. ಪ್ರತಿ ಎರಡು ಗಂಟೆಗೊಮ್ಮೆ ಎದ್ದು ಬೋಗಿಯ ಉದ್ದಕ್ಕೂ ನಡೆಯುತ್ತೇನೆ, ಕೂಟಕ್ಕೆ ಎರಡು ದಿನ ಮೊದಲೇ ತಲುಪುವಂತೆ ಟಿಕೆಟ್ ಮಾಡಿಸುತ್ತೇನೆ. ನೆಗಡಿಯಾದರೂ ಮೆಡಿಕಲ್ ಶಾಪಿನ ಔಷಧಿಯನ್ನು ನಿಷೇಧಿತ ಪದಾರ್ಥಗಳ ಪಟ್ಟಿ ನೋಡದೆ ನುಂಗುವುದಿಲ್ಲ. ಜಿಮ್‌ಗಳಲ್ಲಿ ಡಬ್ಬಿಗಟ್ಟಲೆ ಮಾರುವ ಪುಡಿಗಳನ್ನು ಮುಟ್ಟುವುದಿಲ್ಲ.

1.81 ಬಂದದ್ದು ಕಳೆದ ಋತುವಿನಲ್ಲಿ. ಬೆಳಗ್ಗೆ ಮಳೆ ಬಿದ್ದು ಸಿಂಥೆಟಿಕ್ ನೆಲ ಒದ್ದೆಯಾಗಿತ್ತು. ಎತ್ತರ ಜಿಗಿತಕ್ಕೆ 12 ಮಿಲಿಮೀಟರ್ ಉದ್ದದವರೆಗಿನ ಮೊಳೆಗೆ ಅವಕಾಶವಿದೆ. ಆ ದಿನ ಅವನ್ನೇ ಹಾಕಿದೆ, ಆದರೂ ವಾರ್ಮಪ್‌ನಲ್ಲಿ ತಿರುವಿನ ಏಳನೆಯ ಹೆಜ್ಜೆ ಜಾರಿತು. ಉಳಿದವರು ವೇಗ ತಗ್ಗಿಸಿದರು. ನನ್ನ ಪುಸ್ತಕದಲ್ಲಿ ಹಿಂದಿನ ವರ್ಷದ ಒಂದು ಒದ್ದೆ ದಿನದ ಟಿಪ್ಪಣಿ ಇತ್ತು: "ನೆಲ ಒದ್ದೆ. ಹೆಜ್ಜೆ ಚಿಕ್ಕದಾಗುತ್ತಿದೆ. ಹಿಂದಿನ ಗುರುತು 20 ಸೆಂ.ಮೀ. ಮುಂದೆ." ವೇಗ ತಗ್ಗಿಸದೆ ಗುರುತನ್ನಷ್ಟೇ ಸರಿಸಿದೆ. 1.78 ಎರಡನೆಯ ಯತ್ನದಲ್ಲಿ ಆಯಿತು. 1.81ರ ಮೊದಲ ಯತ್ನದಲ್ಲಿ ಹಿಮ್ಮಡಿ ತಾಗಿ ಬಾರ್ ಬಿತ್ತು. "ಬಾರಿಗೆ ಹತ್ತಿರ ಬಂದೆ" ಎಂದು ಬೇಲಿಯಾಚೆಯಿಂದ ಕೋಚ್ ಎರಡು ಬೆರಳು ತೋರಿಸಿದರು, ಅಂದರೆ ಎಡಪಾದ ಎರಡು ಬೆರಳಗಲ ಹೆಚ್ಚು ಹತ್ತಿರ ಊರಿತ್ತು. ಎರಡನೆಯ ಸಲ ಹಾಸಿನ ಮೇಲೆ ಬಿದ್ದು ಮೇಲೆ ನೋಡಿದಾಗ ಬಾರ್ ತುಸು ನಡುಗಿ ನಿಂತಿತು. ನಾನು ಹಾಸಿನಿಂದ ಇಳಿದು ಮೊದಲು ನೋಡಿದ್ದು ನೆಲದ ಮೇಲಿನ ನನ್ನ ಸ್ಪೈಕ್ಸ್ ಗುರುತನ್ನು. ಅದು ಬಾರಿನಿಂದ 84 ಸೆಂಟಿಮೀಟರ್ ದೂರದಲ್ಲಿತ್ತು.

2025ರ ಮೇ ತಿಂಗಳಿನಲ್ಲಿ ದಕ್ಷಿಣ ಕೊರಿಯಾದ ಗುಮಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಹರಿಯಾಣದ ಹದಿಹರೆಯದ ಪೂಜಾ 1.89 ಜಿಗಿದು ಚಿನ್ನ ಗೆದ್ದಳು. ನನಗಿಂತ ಎಷ್ಟೋ ಚಿಕ್ಕವಳು. ಅವಳ ಜಿಗಿತದ ವಿಡಿಯೊವನ್ನು ನಾನು ಎಣಿಸಲಾಗದಷ್ಟು ಸಲ ನೋಡಿದ್ದೇನೆ, ಪ್ರತಿ ಸಲವೂ ಬಾರ್ ಚೌಕಟ್ಟಿನೊಳಗೆ ಬರುವ ಮೊದಲಿನ ಭಾಗವನ್ನೇ. ನನಗೂ ಆ ಎತ್ತರಕ್ಕೂ ನಡುವೆ ಎಂಟು ಸೆಂಟಿಮೀಟರ್ ಇದೆ, ನಮ್ಮ ಶಾಲೆಯ ಗೋಡೆಯ ಮೇಲಿನ ಗೆರೆಗೆ ಹನ್ನೊಂದು.

ಈ ಚಳಿಗಾಲದಲ್ಲಿ ನೇರ ಓಟಕ್ಕೆ ಇನ್ನೆರಡು ಹೆಜ್ಜೆ ಕೂಡಿಸಿ ಹನ್ನೆರಡು ಮಾಡುವ ಕೆಲಸ ಹಿಡಿದಿದ್ದೇನೆ. ವೇಗ ಹೆಚ್ಚಿದಂತೆ ಹಳೆಯ ತಿರುವು ಇಕ್ಕಟ್ಟಾಗುತ್ತಿದೆ. ಹಿಂದಿನ ಮಂಗಳವಾರದಿಂದ 9 ಮೀಟರಿನ ಗುರುತನ್ನು 9.30ಕ್ಕೆ, 4 ಮೀಟರನ್ನು 4.20ಕ್ಕೆ ಸರಿಸಿ ನೋಡುತ್ತಿದ್ದೇವೆ. ಹತ್ತು ಓಟಗಳಲ್ಲಿ ಆರು ಸಲ ಪಾದ ಸರಿಯಾದ ಜಾಗಕ್ಕೆ ಬೀಳುತ್ತಿದೆ, ನಾಲ್ಕು ಸಲ ಇಲ್ಲ. ಕೋಚ್ ಇನ್ನೂ ಬಾರ್ ಇಟ್ಟಿಲ್ಲ.